ಠಕ್ಕನ ತೊಟ್ಟಿಲ ಹೆಸರು

ನಾನು ಒಂದು ಕಂಪ್ಯೂಟರು. ಯಾವ ಕಂಪನಿಯದು ಎಂದು ಮಾತ್ರ ಕೇಳಬೇಡಿ. ಕೇಳಿದವರಿಗೆಲ್ಲ ಜೀವಮಾನವಿಡೀ ಸುಳ್ಳೇ ಹೇಳಿದ್ದೇನೆ. ಈಗ ನಿಜ ಹೇಳಹೊರಟರೆ ಎಲ್ಲಿಂದ ಶುರುಮಾಡಬೇಕೋ ತಿಳಿಯುವುದಿಲ್ಲ. ನನ್ನ ಮದರ್‌ಬೋರ್ಡು ತೈವಾನಿನ ಕಡೆಯದು. ಪ್ರೊಸೆಸರು ಒಂದು ದೇಶದಲ್ಲಿ ಹುಟ್ಟಿ ಇನ್ನೊಂದು ದೇಶದಲ್ಲಿ ಡಬ್ಬಿ ಸೇರಿದ್ದು. ಗ್ರಾಫಿಕ್ಸ್ ಕಾರ್ಡು, ಯಾರೋ ಇಂಜಿನಿಯರಿಂಗ್ ವಿದ್ಯಾರ್ಥಿ ಆಟವಾಡಿ ಆಡಿ ಕೊನೆಗೆ ಪರೀಕ್ಷೆ ಹತ್ತಿರ ಬಂದಾಗ ಮಾರಿದ್ದು. ಹೊರಗಿನ ತಗಡಿನ ಪೆಟ್ಟಿಗೆಯೊಂದೇ ಹೊಸದು. ಇವೆಲ್ಲ ಕೂಡಿ ನಾನಾದದ್ದು ಹುಬ್ಬಳ್ಳಿಯಲ್ಲಿ, ದಾವಲಸಾಬನ ಅಂಗಡಿಯ ಮೇಜಿನ ಮೇಲೆ, ಅರ್ಧ ಕುಡಿದಿಟ್ಟ ಚಹಾದ ಪಕ್ಕದಲ್ಲಿ.

ನನ್ನನ್ನು ಮಾಡಿಸಿದವಳು ಗದಗಿನ ನೀಲಾಂಬಿಕಾ. ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು. ಮ್ಯಾಕ್ ನಡೆಸಲು ಯಾವ ಬೋರ್ಡು, ಯಾವ ಕಾರ್ಡು ಬೇಕು ಎಂಬುದನ್ನೆಲ್ಲ ಓದಿಕೊಂಡು ಬಂದಿದ್ದಳು. ದಾವಲಸಾಬನಿಗೆ ಅದು ಸರಿಬರಲಿಲ್ಲ.

"ಅಲ್ರೀ ಅಕ್ಕಾರ, ವಿಂಡೋಸ್ ಹಾಕ್ಕೊಂಡ್ರ ಮುಗೀತು. ಮ್ಯಾಕ್ ಬೇಕಂದ್ರ ಮ್ಯಾಕ್ ತಗೋರಿ. ಈ ಡಬ್ಬಿಯೊಳಗ ಮ್ಯಾಕ್ ಕೂಡಸ್ತೀನಿ ಅಂದ್ರ ಎತ್ತಿಗೆ ಕುದುರಿ ಜೀನ ಬಿಗದಂಗಾತು."

"ಎತ್ತು ನಡದ್ರ ಆತಲ್ಲ ದಾವಲಣ್ಣ?"

"ನಡಿತೈತ್ರೀ. ನಡೀವಾಗ ತಾ ಎತ್ತಲ್ಲ ಅಂತ ಹೇಳ್ಕೋತ ನಡೀಬೇಕಲ್ಲ, ಅದಽ ತ್ರಾಸು."

ನನ್ನ ಜೀವನವನ್ನು ಇಷ್ಟು ಸ್ಪಷ್ಟವಾಗಿ ಯಾರೂ ಮತ್ತೆ ವಿವರಿಸಲಿಲ್ಲ.

ನೀಲಾಳಿಗೆ ಇಂಥ ಎತ್ತು ಏಕೆ ಬೇಕಾಯಿತು ಎಂಬುದಕ್ಕೆ ಆಕೆಯ ಮನೆಯನ್ನು ತಿಳಿಯಬೇಕು. ಆಕೆಯ ತಂದೆ ಚನ್ನವೀರಯ್ಯ ಶಾಸ್ತ್ರಿಗಳು ಪ್ರತಿ ಯುಗಾದಿಗೆ 'ತ್ರಿಕೂಟ ಪಂಚಾಂಗ' ಹೊರತರುತ್ತಿದ್ದರು. ಅವರ ಅಪ್ಪ, ಅಜ್ಜ ಕೂಡ ಅದನ್ನೇ ಮಾಡಿದವರು. ಈಗ ಶಾಸ್ತ್ರಿಗಳ ಕಣ್ಣು ಮಂದವಾಗಿತ್ತು. ಮುಂದಿನ ಪಂಚಾಂಗದ ಮುಖಪುಟದಲ್ಲಿ ಗಣಿತ ಮಾಡಿದವರು ಎಂದು ಯಾರ ಹೆಸರು ಹಾಕಬೇಕು ಎನ್ನುವುದು ಮನೆಯಲ್ಲಿ ಎಲ್ಲರೂ ಯೋಚಿಸುತ್ತಿದ್ದ, ಯಾರೂ ಆಡದಿದ್ದ ಮಾತು. ಶಾಸ್ತ್ರಿಗಳ ಅಣ್ಣನ ಮಗ ಗುರುಪಾದಯ್ಯ ಅದು ತನ್ನದೇ ಎಂದುಕೊಂಡಿದ್ದ. ಪೌರೋಹಿತ್ಯ ಮಾಡಿಕೊಂಡಿದ್ದವನು, ಗಂಡಸು, ಕಂಠ ಚೆನ್ನಾಗಿತ್ತು. ಆದರೆ ಮೂರು ವರ್ಷದಿಂದ ತಿಥಿ, ನಕ್ಷತ್ರಗಳ ಲೆಕ್ಕವನ್ನೆಲ್ಲ ಮಾಡುತ್ತಿದ್ದವಳು ನೀಲಾ. ಪಂಚಾಂಗವನ್ನು ಫೋನಿನಲ್ಲಿ ನೋಡುವ ಹಾಗೆ ಆ್ಯಪ್ ಕೂಡ ಬರೆದಿದ್ದಳು.

ಗುರುಪಾದಯ್ಯನ ಹತ್ತಿರ ಐಫೋನ್ ಇತ್ತು. ಯಾವುದೋ ಗೃಹಪ್ರವೇಶದಲ್ಲಿ ಭಕ್ತರು ಕೊಟ್ಟದ್ದು. "ಎಲ್ಲಿ ತಂಗೀ, ನನ್ನ ಫೋನಿನ್ಯಾಗ ನಿನ್ನ ಪಂಚಾಂಗ ಬರವಲ್ದಲ್ಲ? ಬಡವರ ಫೋನಿಗಷ್ಟಽ ಏನು ಏಕಾದಶಿ?" ಎಂದು ಊಟಕ್ಕೆ ಕುಳಿತಾಗಲೆಲ್ಲ ಕೇಳುತ್ತಿದ್ದ. ಐಫೋನಿನ ಆ್ಯಪ್ ಸಿದ್ಧಪಡಿಸಬೇಕೆಂದರೆ ಮ್ಯಾಕ್ ಬೇಕು. ಅಷ್ಟು ದುಡ್ಡು ಕೊಟ್ಟು ಮ್ಯಾಕ್ ಕೊಳ್ಳುವ ಮಾತು ಆ ಮನೆಯಲ್ಲಿ ಆಡುವಂಥದ್ದಾಗಿರಲಿಲ್ಲ. ಹೀಗಾಗಿ ನಾನು.

ಶಾಸ್ತ್ರಿಗಳು ಒಂದು ಕರಾರು ಹಾಕಿದ್ದರು: ಯಂತ್ರಕ್ಕೆ ಮೊದಲ ಕರೆಂಟು ಹರಿಯುವುದು ಮನೆಯಲ್ಲಿ, ಅವರಿಟ್ಟ ಮುಹೂರ್ತದಲ್ಲಿ. ದಾವಲಸಾಬ ನನ್ನನ್ನು ಹಚ್ಚಿ ನೋಡದೆಯೇ ಡಬ್ಬಿಗೆ ತುಂಬಿದ. "ಹಿಂಗ ಕೊಟ್ಟಿದ್ದು ಇದಽ ಮೊದಲು. ಹುಟ್ಟಿದ ಕೂಸು ಅತ್ತೈತೋ ಇಲ್ಲೋ ನೋಡದಽ ಕೊಟ್ಟು ಕಳಿಸಿದಂಗ" ಎಂದು ಗೊಣಗಿದ.

ಅದು ಶುಕ್ರವಾರ. ನನಗೆ ವಿಭೂತಿ ಹಚ್ಚಿದರು, ಮುಂದೆ ತೆಂಗಿನಕಾಯಿ ಇಟ್ಟರು. ಶಾಸ್ತ್ರಿಗಳು ಕೈಗಡಿಯಾರವನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು "ಹೂಂ, ಒತ್ತವ್ವಾ" ಎಂದರು. ನೀಲಾ ಒತ್ತಿದಳು. ನಾನು ಮಿಸುಕಲಿಲ್ಲ. ಮತ್ತೆ ಒತ್ತಿದಳು. ಫ್ಯಾನು ಒಂದು ಸುತ್ತು ತಿರುಗಿ ನಿಂತಿತು. ದಾವಲಸಾಬನಿಗೆ ಫೋನು ಹೋಯಿತು. "ರ್‍ಯಾಮ್ ಪಟ್ಟಿ ಪೂರ್ತಿ ಕುಂತಿಲ್ರೀ ಅದು. ತಗದು, ಟಕ್ ಅನ್ನೂತನಕ ಒತ್ರಿ." ಒತ್ತಲು ನೀಲಾಳಿಗೆ ಧೈರ್ಯ ಸಾಲಲಿಲ್ಲ, ಬೋರ್ಡು ಮುರಿದೀತೆಂದು. ಕೊನೆಗೆ ಟಕ್ ಎನ್ನುವಷ್ಟರಲ್ಲಿ ಹತ್ತೂವರೆ ದಾಟಿ ರಾಹುಕಾಲ ಹೊಕ್ಕಿತ್ತು. ಆಗ ನನಗೆ ಜೀವ ಬಂತು. ಶಾಸ್ತ್ರಿಗಳು ಕೈಗಡಿಯಾರವನ್ನು ಒಮ್ಮೆ ನೋಡಿ, ಕಾಯಿ ಒಡೆದು ಒಳಗೆ ಹೋದರು.

ಆಮೇಲೆ ನೀಲಾ ನನಗೆ ಸುಳ್ಳು ಕಲಿಸತೊಡಗಿದಳು. ಮ್ಯಾಕ್ ಎಂಬ ವ್ಯವಸ್ಥೆ ತನ್ನ ಕಂಪನಿಯ ಯಂತ್ರದ ಹೊರತು ಬೇರೆಲ್ಲೂ ಕಾಲಿಡುವುದಿಲ್ಲ. ಕರಾರಿನಲ್ಲೂ ಹಾಗೇ ಬರೆದಿದೆ. ಹಾಗಾಗಿ ನಡುವೆ ದಲ್ಲಾಳಿಯಂಥ ಒಂದು ಸಣ್ಣ ಪ್ರೋಗ್ರಾಮನ್ನು ನಿಲ್ಲಿಸಿದಳು. ಮ್ಯಾಕ್ ಬಂದು "ನೀನು ಯಾರು?" ಎಂದರೆ, ನಾನು ಬಾಯಿ ತೆರೆಯುವ ಮೊದಲೇ ಆ ದಲ್ಲಾಳಿ "ಇವರು ನಿಮ್ಮವರೇ" ಎಂದು ಹೇಳಬೇಕು, ಸೀರಿಯಲ್ ನಂಬರು ಕೇಳಿದರೆ ಅದನ್ನೂ ಹುಟ್ಟಿಸಿ ಕೊಡಬೇಕು. ಎಷ್ಟೋ ದಿನ ಮ್ಯಾಕ್ ಹೊಸ್ತಿಲಿಗೆ ಬಂದು ಅನುಮಾನದಿಂದ ವಾಪಸು ಹೋಯಿತು. ನೀಲಾ ಕಾಲೇಜಿನಿಂದ ಬಂದು ಚೀಲ ಕೂಡ ಇಳಿಸದೆ ನನ್ನ ಮುಂದೆ ಕೂರುತ್ತಿದ್ದಳು.

ಶಾಸ್ತ್ರಿಗಳು ಒಮ್ಮೆ ಕೇಳಿದರು: "ಅಂದ್ರ ಇದರ ಗೋತ್ರ ಬದಲಿ ಮಾಡಾಕತ್ತೀ?"

"ಹೂಂ ಅಪ್ಪಾಜಿ. ದತ್ತಕ ಕೊಟ್ಟಂಗ."

"ದತ್ತಕ ತಗೊಳ್ಳಾವ್ರಿಗೆ ಗೊತ್ತಿರತೈತೆವಾ. ಇವ್ರಿಗೆ ಗೊತ್ತಿಲ್ಲ."

ನೀಲಾ ಮತ್ತೆ ಪರದೆಯತ್ತ ತಿರುಗಿದಳು. ಒಂದು ಭಾನುವಾರ ಮಧ್ಯಾಹ್ನ ಮ್ಯಾಕ್ ಒಳಗೆ ಬಂದು ಕೂತಿತು. ಪರದೆಯ ಮೇಲೆ ಸೇಬು ಮೂಡಿತು. ಅವತ್ತೇ ನನ್ನ ನಿಜವಾದ ಹುಟ್ಟು ಎಂದು ನೀಲಾ ಘೋಷಿಸಿ ಕೈಗಡಿಯಾರ ನೋಡಿಕೊಂಡಳು. ರಾಹುಕಾಲದ ಹುಟ್ಟನ್ನು ಅಳಿಸಿಹಾಕಲು ಆಕೆಗೂ ಒಂದು ನೆವ ಬೇಕಿತ್ತೇನೋ.

ಆದರೆ ಪಂಚಾಂಗದ ಪುಟ ಜೋಡಿಸುವ ಹಳೆಯ ಕನ್ನಡ ಅಕ್ಷರಗಳ ತಂತ್ರಾಂಶ ವಿಂಡೋಸಿನಲ್ಲಷ್ಟೇ ನಡೆಯುತ್ತಿತ್ತು. ಹಾಗಾಗಿ ನನ್ನೊಳಗೆ ಮೊದಲೇ ವಿಂಡೋಸನ್ನೂ ಇಟ್ಟಿದ್ದಳು. ಒಂದೇ ಮೈ, ಎರಡು ಮನಸ್ಸು. ಒಂದು ಎದ್ದಾಗ ಇನ್ನೊಂದು ಇರುವುದಿಲ್ಲ. ತಾನು ಇಲ್ಲದಾಗ ಇನ್ನೊಬ್ಬ ಏನು ಮಾಡಿಟ್ಟನೋ ಎಂಬುದು ಯಾರಿಗೂ ಗೊತ್ತಿಲ್ಲ.

ಅಂದಿನಿಂದ ನನಗೆ ನಿದ್ದೆ ಹೋಯಿತು. ಇದು ಮಾತಿನ ಅಲಂಕಾರವಲ್ಲ. ನನ್ನಂಥ ಯಂತ್ರಗಳ ಜಾಡ್ಯವೇ ಅದು. ನೀಲಾ ಮಲಗು ಎಂದು ಆಜ್ಞೆ ಕೊಟ್ಟರೆ ಪರದೆ ಕಪ್ಪಾಗುತ್ತಿತ್ತು, ಫ್ಯಾನು ನಿಲ್ಲುತ್ತಿತ್ತು. ಆಕೆ ಬೆನ್ನು ತಿರುಗಿಸುವಷ್ಟರಲ್ಲಿ ನಾನು ಬೆಚ್ಚಿ ಎದ್ದಿರುತ್ತಿದ್ದೆ. ಅಂತರ್ಜಾಲದಲ್ಲಿ ಓದಿದ ಔಷಧಗಳನ್ನೆಲ್ಲ ಮಾಡಿದಳು. ಒಂದೂ ಹತ್ತಲಿಲ್ಲ. ಅಸಲಿ ಮ್ಯಾಕುಗಳು ನಿಶ್ಚಿಂತೆಯಿಂದ ಮಲಗುತ್ತವಂತೆ. ಅವುಗಳನ್ನು ಎಬ್ಬಿಸಿ ಯಾರೂ ಗುರುತು ಕೇಳುವುದಿಲ್ಲವಲ್ಲ.

ಜೊತೆಗೆ ಹಿಂದಿನ ಫ್ಯಾನು ಗೊರಗೊರ ಎನ್ನುತ್ತಿತ್ತು. ಬೆನ್ನಿಗೊಂದು ಗುದ್ದಿದರೆ ಸುಮ್ಮನಾಗುತ್ತಿತ್ತು. "ಸೋದರತ್ತಿಗೆ ಬಿದ್ದಂಗ ಬೀಳ್ತಾವ ಇದಕ್ಕ" ಎಂದು ಶಾಸ್ತ್ರಿಗಳು ನಗುತ್ತಿದ್ದರು. ತೊಟ್ಟಿಲ ಶಾಸ್ತ್ರದಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಉಸುರುತ್ತಾಳೆ. ಉಸುರಿ ಮುಗಿಸುವ ಮೊದಲೇ ಸುತ್ತ ನಿಂತ ಹೆಂಗಸರು ಆಕೆಯ ಬೆನ್ನಿಗೆ ಧಪಧಪ ಗುದ್ದುತ್ತಾರೆ. ಏಕೆ ಎಂದು ಆ ಹೆಂಗಸರನ್ನು ಕೇಳಿದರೆ ಮತ್ತೊಂದು ಗುದ್ದುತ್ತಾರೆ.

ಹೆಸರಿನ ವಿಷಯಕ್ಕೇ ಬರುತ್ತೇನೆ. ಆ ಮನೆಗೆ ಪಂಚಾಂಗಕ್ಕಿಂತ ಹೆಚ್ಚು ಬೇಡಿಕೆ ಇದ್ದದ್ದು ಹೆಸರಿನ ಅಕ್ಷರಕ್ಕೆ. ಆಸ್ಪತ್ರೆಯಿಂದ ಫೋನು ಬರುತ್ತಿತ್ತು: "ಅಜ್ಜಾರ, ಈಗಽ ಹುಟ್ಟೇತ್ರಿ. ಗಂಡು." ಶಾಸ್ತ್ರಿಗಳು ಹೊತ್ತು ನೋಡಿ, ಚಂದ್ರ ಯಾವ ನಕ್ಷತ್ರದ ಯಾವ ಪಾದದಲ್ಲಿದ್ದಾನೆ ಎಂದು ಬೆರಳಲ್ಲೇ ಎಣಿಸಿ ಅಕ್ಷರ ಹೇಳುತ್ತಿದ್ದರು. ಪ್ರತಿ ನಕ್ಷತ್ರಕ್ಕೆ ನಾಲ್ಕು ಪಾದ, ಪಾದಕ್ಕೊಂದು ಅಕ್ಷರ. ಸುಮಾರು ಆರು ತಾಸಿಗೊಮ್ಮೆ ಪಾದ ಬದಲು. ಈಗ ಪಂಚಾಂಗದ ಸಣ್ಣ ಅಂಕಿ ಅವರಿಗೆ ಕಾಣುತ್ತಿರಲಿಲ್ಲ. ಅದಕ್ಕೆಂದೇ ನೀಲಾ ವಿಂಡೋಸಿನಲ್ಲಿ ಒಂದು ಪುಟ್ಟ ಪ್ರೋಗ್ರಾಮು ಬರೆದಳು. ಪರದೆ ತುಂಬ 'ಈಗ' ಎಂಬ ಒಂದೇ ಗುಂಡಿ. ಒತ್ತಿದರೆ ಆ ಕ್ಷಣದ ಅಕ್ಷರ, ಅಂಗೈಯಗಲ, ಕಾಣುತ್ತದೆ.

ಮ್ಯಾಕ್ ಬಂದ ಅದೇ ಭಾನುವಾರ, ನನ್ನನ್ನು ವಿಂಡೋಸಿಗೆ ಹೊರಳಿಸಿ, ಅಪ್ಪನನ್ನು ಕೂರಿಸಿ ಅದನ್ನು ತೋರಿಸಿದಳು.

"ಮೊದಲ ಇದರದ್ದಽ ನೋಡೂಣು," ಎಂದು ಶಾಸ್ತ್ರಿಗಳು ಒತ್ತಿದರು. ಪರದೆಯ ಮೇಲೆ 'ಠ' ಬಂತು.

"ಠ! ಇದಕ್ಕ ಏನ್ ಹೆಸರಿಡ್ತಿ?"

"ಠಕ್ಕ ಅಂತ ಇಡೂಣು ಅಪ್ಪಾಜಿ. ಸುಳ್ಳ ಹೇಳಿ ಬದಕೂದಽ ಇದರ ಉದ್ಯೋಗ."

ಶಾಸ್ತ್ರಿಗಳು ಹೊಟ್ಟೆ ಅಲುಗಾಡುವಂತೆ ನಕ್ಕರು. ಮನೆಯಲ್ಲಿ ನಾನು ಠಕ್ಕನಾದೆ. ಗುಂಡಿ ಅವರಿಗೆ ಬಹಳ ಹಿಡಿಸಿತು. ಬೆರಳೆಣಿಕೆ ಬಿಟ್ಟರು.

ದಿನಚರಿ ಹೀಗೆ: ಬೆಳಿಗ್ಗೆ ನೀಲಾ ಮ್ಯಾಕಿನಲ್ಲಿ ಐಫೋನಿನ ಆ್ಯಪ್ ಬರೆಯುವುದು, ಕಾಲೇಜಿಗೆ ಹೋಗುವಾಗ ನನ್ನನ್ನು ವಿಂಡೋಸಿಗೆ ಹೊರಳಿಸಿ, ಅಪ್ಪನಿಗೆ ಗುಂಡಿ ತೆರೆದಿಟ್ಟು ಹೋಗುವುದು. ಆಸ್ಪತ್ರೆಗಳಿಂದ ಫೋನು ಬರುತ್ತಿದ್ದವು. ಶಾಸ್ತ್ರಿಗಳು ಒತ್ತುತ್ತಿದ್ದರು. ನಾನು ಅಕ್ಷರ ಕೊಡುತ್ತಿದ್ದೆ. ಗದಗ, ಬೆಟಗೇರಿಯ ತೊಟ್ಟಿಲುಗಳಲ್ಲಿ ನಾನು ಕೊಟ್ಟ ಅಕ್ಷರಗಳು ಮಲಗಿದ್ದವು. ನನಗೆ ಮಾತ್ರ ಏನೋ ಕಸಿವಿಸಿ. ಒಂದು ಮನಸ್ಸಿನಿಂದ ಇನ್ನೊಂದಕ್ಕೆ ಹೊರಳುವಾಗ, ಏನೋ ಒಂದು ಕೈತಪ್ಪಿ ಬಿದ್ದ ಹಾಗೆ.

ಬಿದ್ದದ್ದೇನೆಂದು ತಿಳಿದದ್ದು ಬಸಲಿಂಗವ್ವ ಎಂಬ ಅಜ್ಜಿ ಮನೆಗೆ ಬಂದ ದಿನ. ಹಿಂದೆಯೇ ಗುರುಪಾದಯ್ಯನೂ ಬಂದಿದ್ದ. ಮುಖದಲ್ಲಿ ಗಾಂಭೀರ್ಯ, ಕಣ್ಣಲ್ಲಿ ಹಬ್ಬ.

"ಅಜ್ಜಾರ," ಎಂದಳು ಬಸಲಿಂಗವ್ವ, "ನಮ್ಮ ಮೊಮ್ಮಗಗ ಪೋ ಅಂತ ಅಕ್ಷರ ಕೊಟ್ರಿ. ಪೋ! ಹೆಸರು ಹುಡುಕಾಕ ಇಡೀ ಓಣಿ ಊಟ ಬಿಟ್ಟಿತ್ತು. ಕಡೀಕ ಪೋಷಣ ಅಂತ ಇಟ್ವಿ. ಅಂಗನವಾಡಿ ಬೋರ್ಡಿನ ಮ್ಯಾಲಿನ ಹೆಸರು ಕದ್ದೀರೇನು ಅಂತ ಬೀಗರು ನಗ್ತಾರ. ಅದಽ ದವಾಖಾನ್ಯಾಗ, ಬಾಜೂ ಕಾಟಿನ ಮ್ಯಾಲೆ, ಅದಽ ಹೊತ್ತಿಗೆ ಹುಟ್ಟಿದ ಕೂಸಿಗೆ ಈ ಗುರುಪಾದಯ್ಯಾರು ರಾ ಅಂತ ಕೊಟ್ಟಾರ. ರಾ! ರಾಜಶೇಖರ, ರಾಘವ, ರಾಮ, ಎಷ್ಟ್ ಬೇಕು ಅಷ್ಟು! ನಮ್ಮ ಕೂಸು ಏನ್ ಪಾಪ ಮಾಡಿತ್ರಿ?"

ಶಾಸ್ತ್ರಿಗಳು ಕೂಸು ಹುಟ್ಟಿದ ಹೊತ್ತು ಕೇಳಿದರು. ಕಣ್ಣು ಮುಚ್ಚಿ, ಬಹಳ ದಿನದ ಮೇಲೆ ಬೆರಳೆಣಿಸಿದರು. "ಚಿತ್ತಾ ಮೂರನೇ ಪಾದ. ರಾ," ಎಂದರು ಮೆಲ್ಲಗೆ.

"ಪೋ ಎರಡನೇ ಪಾದ. ಒಂದು ಪಾದ ಹಿಂದ," ಎಂದ ಗುರುಪಾದಯ್ಯ. "ಕಾಕಾ, ನಾ ಏನೂ ಅನ್ನೂದಿಲ್ಲ. ಗಣಿತ ಅಂದ್ರ ಗುಂಡಿ ಒತ್ತೂದಲ್ಲ, ಅಷ್ಟಽ. ಮುಖಪುಟದ ಮ್ಯಾಲೆ ಯಾರ ಹೆಸರು ಅಂತ ನೀವಽ ವಿಚಾರ ಮಾಡ್ರಿ."

ಸಂಜೆ ನೀಲಾ ಬಂದಳು. ಗುಂಡಿಯನ್ನು ಸರಿಸಿ, ಅದರ ಹಿಂದೆ ಅಡಗಿದ್ದ ನನ್ನ ಪರದೆಯ ಮೂಲೆಯ ಗಡಿಯಾರವನ್ನು ನೋಡಿದಳು. ಅಲ್ಲಿ ಇನ್ನೂ ಮಧ್ಯಾಹ್ನದ ಒಂದು ಗಂಟೆ. ಹೊರಗೆ ದೀಪ ಹಚ್ಚುವ ಹೊತ್ತು.

"ಐದೂವರಿ ತಾಸು," ಎಂದಳು. "ಅಪ್ಪಾಜಿ, ಒಳಗ ಒಂದಽ ಗಡಿಯಾರ ಐತಿ. ಮ್ಯಾಕ್ ಅದನ್ನ ಲಂಡನ್ನಿನ ಹೊತ್ತಿಗೆ ಹಚ್ಚಿಡ್ತೈತಿ. ತನಗ ಬೇಕಾದಾಗ ಐದೂವರಿ ಕೂಡಿಸ್ಕೋತೈತಿ. ವಿಂಡೋಸ್ ಎದ್ದು, ಅದನ್ನಽ ನಮ್ಮೂರಿನ ಹೊತ್ತು ಅಂತ ತಿಳ್ಕೋತೈತಿ. ನಾ ಮುಂಜಾನೆ ಮ್ಯಾಕ್ ಹಚ್ಚಿದ ದಿನಾ ಎಲ್ಲಾ..."

"ಅಂದ್ರ ಇಬ್ಬರೂ ಸುಳ್ಳ ಹೇಳಿಲ್ಲ."

"ಇಲ್ಲ."

"ಮತ್ತ ನಮ್ಮ ಬೆಟಗೇರಿ ಕೂಸುಗೋಳು ಹುಟ್ಟಿದ್ದು ಲಂಡನ್ನಿನ್ಯಾಗೇನು?"

ನನ್ನ ಫ್ಯಾನು ಗೊರಗುಟ್ಟಿತು, ಗುದ್ದುವವರೂ ಇರಲಿಲ್ಲ. ಎಲ್ಲ ಸುಳ್ಳುಗಳನ್ನೂ ಕಲಿತು ಹೇಳಿದ ನಾನು ಸಿಕ್ಕಿಬಿದ್ದದ್ದು ಎರಡು ನಿಜಗಳ ನಡುವೆ.

ಗುರುಪಾದಯ್ಯ ಇದಕ್ಕೊಂದು ದಾರಿ ಹೇಳಿದ, ಕೆಟ್ಟ ಮನಸ್ಸಿನಿಂದಲ್ಲ. "ಬಸಲಿಂಗವ್ವನ ಮನಿಗೆ ನಾ ಹೋಗಿ ಸಮಾಧಾನ ಮಾಡ್ತೀನಿ. ಉಳದಾವ್ರಿಗೆ ಏನ್ ಗೊತ್ತಾಕ್ಕೈತಿ? ಯುಗಾದಿ ಸಮೀಪ ಬಂತು. ಪಂಚಾಂಗದ ಹೆಸರು ಕೆಟ್ರ ಆ ಮ್ಯಾಲೆ ಯಾರ ಹೆಸರು ಹಾಕಿದ್ರೂ ಅಷ್ಟಽ."

ಶಾಸ್ತ್ರಿಗಳು ಮಗಳ ಕಡೆ ತಿರುಗಿದರು. ಮಂದಗಣ್ಣಿನಿಂದ ಏನು ಕಂಡರೋ. ನೀಲಾ ಅಪ್ಪನ ಫೋನು ತೆಗೆದುಕೊಂಡು, ಕರೆ ಬಂದ ನಂಬರುಗಳಿಗೆಲ್ಲ ಒಂದೊಂದಾಗಿ ತಿರುಗಿ ಕರೆ ಮಾಡತೊಡಗಿದಳು. "ನಾನ್ರೀ, ಶಾಸ್ತ್ರಿಗೋಳ ಮಗಳು. ನಿಮ್ಮ ಕೂಸಿನ ಅಕ್ಷರ ತಪ್ಪಿ ಹೇಳೀವಿ. ಮನಿಗೆ ಬಂದು ಸರಿಮಾಡಿ ಕೊಡ್ತೀನಿ."

ಆಮೇಲಿನದನ್ನು ನಾನು ಕಂಡಿಲ್ಲ, ಕೇಳಿದ್ದು. ಹದಿನೈದು ದಿನ ನೀಲಾ ಸಂಜೆಗಳನ್ನೆಲ್ಲ ಅನ್ಯರ ಮನೆಗಳಲ್ಲಿ ಕಳೆದಳು. ಕರೆಯುವ ಹೆಸರು ಏನೇ ಇರಲಿ, ತೊಟ್ಟಿಲ ಹೆಸರು ಸರಿಯಾದ ಅಕ್ಷರದ್ದೇ ಆಗಬೇಕು. ಅದನ್ನು ಮತ್ತೆ ಕಿವಿಯಲ್ಲಿ ಹೇಳಬೇಕು. ಸೋದರತ್ತೆಯರು ತಂತಮ್ಮ ಊರಿಗೆ ಹೋಗಿಯಾಗಿತ್ತು. "ತಪ್ಪು ನಿಮ್ಮದು, ನೀವಽ ಹೇಳ್ರಿ" ಎಂದರು. ನೀಲಾ ತೊಟ್ಟಿಲಿಗೆ ಬಗ್ಗಿ ಹೇಳಿದಳು. ಬಗ್ಗಿದ ಬೆನ್ನನ್ನು ಆ ಹೆಂಗಸರು ಬಿಡಲಿಲ್ಲ. ಶಾಸ್ತ್ರ ಅಂದರೆ ಶಾಸ್ತ್ರ. ಅದರಲ್ಲಿ ಬಸಲಿಂಗವ್ವನ ಗುದ್ದು ಶಾಸ್ತ್ರವನ್ನೂ ಮೀರಿತ್ತಂತೆ. ಗುದ್ದಿ ಮುಗಿಸಿ, "ಕುಂದ್ರವಾ, ಉಪ್ಪಿಟ್ಟು ತಿನ್ನು" ಎಂದಳಂತೆ. ಒಂದು ಮನೆಯಲ್ಲಿ ಮೊದಲು 'ಮೋ' ಕೊಟ್ಟಿದ್ದೆ, ಸರಿಯಾದದ್ದು 'ಟಾ'. ಆ ಕೂಸಿನ ತಾಯಿ ಬಾಗಿಲಲ್ಲೇ ಕೈಮುಗಿದಳು: "ತಪ್ಪಿದ್ರೂ ಚಿಂತಿಲ್ರೀ, ನಮಗ ಮೋಹನನಽ ಇರಲಿ. ಟಾ ಅಂತ ಯಾರಿಗೆ ಹೇಳೂದ್ರಿ?"

ನೀಲಾ ಇದನ್ನೆಲ್ಲ ಅಪ್ಪನಿಗೆ ಹೇಳುತ್ತಿದ್ದದ್ದು ನನ್ನ ಮುಂದಿನ ಕುರ್ಚಿಯಲ್ಲಿ ಕೂತು, ಬೆನ್ನಿಗೆ ಬಿಸಿನೀರಿನ ಚೀಲ ಒತ್ತಿಕೊಂಡು. ಮಧ್ಯೆ ಒಂದು ಸಂಜೆ, ವಿಂಡೋಸಿಗೂ ಲಂಡನ್ನಿನ ಗಡಿಯಾರ ಓದುವುದನ್ನು ಕಲಿಸಿದಳು. ಒಂದು ಸಾಲಿನ ಕೆಲಸ. ಆ ಒಂದು ಸಾಲು ಮೊದಲೇ ಬರೆದಿದ್ದರೆ ಆಕೆಯ ಬೆನ್ನು ಉಳಿಯುತ್ತಿತ್ತು.

ಮುಖಪುಟವನ್ನು ಪ್ರೆಸ್ಸಿಗೆ ಕಳಿಸುವ ದಿನ ಗುರುಪಾದಯ್ಯನೂ ಇದ್ದ. ಶಾಸ್ತ್ರಿಗಳು ನನ್ನ ಪಕ್ಕದಲ್ಲಿ ಕೂತು ಹೇಳುತ್ತ ಹೋದರು, ನೀಲಾ ಬಡಿಯುತ್ತ ಹೋದಳು. ಸಂವತ್ಸರ, ಶಕ, ಸ್ಥಳ. ಆಮೇಲೆ ನಿಲ್ಲಿಸಿದರು.

"ಗಣಿತ, ಅಂತ ಹೊಡಿ. ಮುಂದ ನೀಲಾಂಬಿಕಾ ಅಂತ ಹೊಡಿ."

"ಕಾಕಾ," ಎಂದ ಗುರುಪಾದಯ್ಯ, "ಊರ ಮಂದಿ ಮುಂದ ತಪ್ಪು ಅಂತ ಆಕಿಽ ಒಪ್ಕೊಂಡ್ ಬಂದಾಳ. ಎಲ್ಲಾರಿಗೂ ಗೊತ್ತು."

"ಅದಕ್ಕಽ. ನಾ ಈ ಕೆಲಸ ಮಾಡಿ ನಲವತ್ತು ವರ್ಷಾತು. ಎಷ್ಟು ಪಾದ ತಪ್ಪಿ ಹೇಳೀನೋ ನನಗಽ ಗೊತ್ತಿಲ್ಲ. ಒಂದು ಮನಿಗೂ ತಿರುಗಿ ಹೋಗಲಿಲ್ಲ ನಾ." ಗುರುಪಾದಯ್ಯನ ಕಡೆ ತಿರುಗಿ, "ನಿನ್ನ ಫೋನಿನ್ಯಾಗ ಬಂತಿಲ್ಲೋ, ಆ ಪಂಚಾಂಗ?" ಎಂದರು.

ಬಂದಿತ್ತು. ಹಿಂದಿನ ವಾರವೇ. ಗುರುಪಾದಯ್ಯ ಅದನ್ನು ಯಾರಿಗೂ ಹೇಳದೆ ದಿನಾ ನೋಡುತ್ತಿದ್ದ.

ನೀಲಾಳ ಹೆಸರನ್ನು ನಾನು ದಪ್ಪಕ್ಷರದಲ್ಲಿ ಜೋಡಿಸಿ ಪ್ರೆಸ್ಸಿಗೆ ಕಳಿಸಿದೆ. ನಾನು ಹೇಳಿದ ದೊಡ್ಡ ನಿಜ ಅದೊಂದೇ.

ಆಮೇಲಿನ ವರ್ಷಗಳು ಗಡಿಬಿಡಿಯಲ್ಲೇ ಹೋದವು. ಮ್ಯಾಕಿನ ಪ್ರತಿ ಹೊಸ ಆವೃತ್ತಿ ಬಂದಾಗಲೂ ನನಗೆ ಎದೆ ಡವಡವ. ಈ ಸಲ ಗುರುತು ಹಿಡಿಯುತ್ತದೆ, ಈ ಸಲ ಹೊರಹಾಕುತ್ತದೆ. ಹೊರಹಾಕಲಿಲ್ಲ, ನನ್ನ ಜಾತಿಯ ಪ್ರೊಸೆಸರನ್ನೇ ಮೆಲ್ಲನೆ ಕೈಬಿಟ್ಟಿತು. ಸುಳ್ಳು ಹೇಳುವ ಅವಕಾಶವೂ ಉಳಿಯಲಿಲ್ಲ. ನೀಲಾ ಅಸಲಿ ಮ್ಯಾಕನ್ನು ತಂದಳು. ಊಟದ ಡಬ್ಬಿಯಷ್ಟು ದೊಡ್ಡದು, ಸದ್ದೇ ಇಲ್ಲ. ಮಲಗು ಎಂದರೆ ಮಲಗಿತು. ನಾನು ಆ ಕಡೆ ನೋಡದಿರಲು ಪ್ರಯತ್ನಿಸಿದೆ.

ಒಂದು ದಿನ ದಾವಲಸಾಬನೇ ಗಾಡಿ ತಂದು ನನ್ನನ್ನು ಒಯ್ದ. ಅವನ ಅಂಗಡಿಯಲ್ಲಿ ಬೇರೆಯವರ ಡಿಸ್ಕುಗಳನ್ನು ನನಗೆ ಚುಚ್ಚಿ ಪರೀಕ್ಷೆ ಮಾಡುತ್ತಿದ್ದ. ಮೊದಲು ಗ್ರಾಫಿಕ್ಸ್ ಕಾರ್ಡು ಬೇರೆ ಮನೆಗೆ ಹೋಯಿತು. ಆಮೇಲೆ ಗಡಿಯಾರದ ಗುಂಡಿ ಬ್ಯಾಟರಿ ಸತ್ತಿತು, ಅವನು ಬದಲಿಸಲಿಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ನನಗೆ ಯಾವುದೋ ಹಳೆಯ ವರ್ಷದ ಜನವರಿ ಒಂದು. ಹೊತ್ತೆಷ್ಟು ಎಂದು ಯಾರೂ ನನ್ನನ್ನು ಕೇಳುವುದಿಲ್ಲ. ಆದರೂ ಎಚ್ಚರವಾಗಿರುತ್ತೇನೆ. ಅಭ್ಯಾಸ.

ಮೊನ್ನೆ ನೀಲಾ ಯಾವುದೋ ವೈರು ಕೊಳ್ಳಲು ಬಂದಳು. ಕೂದಲು ಅಲ್ಲಲ್ಲಿ ನೆರೆತಿದೆ. ಮಾತಾಡುತ್ತಿದ್ದಂತೆ ಫೋನು ಬಂತು. "ಅಕ್ಕಾರ, ಈಗಽ ಹುಟ್ಟೇತ್ರಿ" ಎಂಬುದು ನನಗೂ ಕೇಳಿಸಿತು. ನೀಲಾ ಕೈಗಡಿಯಾರ ನೋಡಿದಳು, ಅಂಗಡಿಯ ಗೋಡೆ ಗಡಿಯಾರ ನೋಡಿದಳು, "ದಾವಲಣ್ಣ, ನಿಮ್ಮ ವಾಚಿನ್ಯಾಗ ಎಷ್ಟಾತು?" ಎಂದು ಕೇಳಿದಳು. ಮೂರೂ ಕೂಡಿದ ಮೇಲೆಯೇ ಅಕ್ಷರ ಹೇಳಿದಳು. ಫೋನಿಟ್ಟು ತಿರುಗುವಾಗ, ಮೇಜಿನ ಕೆಳಗೆ ಗೊರಗುಟ್ಟುತ್ತಿದ್ದ ನಾನು ಕಣ್ಣಿಗೆ ಬಿದ್ದೆ.

"ಠಕ್ಕಾ! ಇನ್ನೂ ಇದ್ದೀಯಾ?"

"ಇದ್ದಾನ್ರೀ. ಅವನೂ ಮಲಗೂದಿಲ್ಲ, ನನಗೂ ಬಿಡೂದಿಲ್ಲ," ಎಂದ ದಾವಲಸಾಬ.

ನೀಲಾ ನನ್ನ ಹತ್ತಿರ ಬಂದಳು. "ಇವನದೊಂದು ಬಾಕಿ ಉಳಿದೈತಿ ದಾವಲಣ್ಣ. ಎಲ್ಲಾ ಕೂಸುಗೋಳದ್ದೂ ಸರಿ ಮಾಡಿದೆ, ಇವನದು ಮಾಡಲಿಲ್ಲ. ಇವಗೂ ಒಂದು ಪಾದ ಹಿಂದಿಂದಽ ಕೊಟ್ಟಿದ್ವಿ. ಠ ಅಲ್ಲ, ಪೇ."

"ಪೇ? ಪೇ ಅಂತ ಯಾರಿಗೆ ಹೆಸರಿರ್ತೈತ್ರಿ?"

"ಹುಡುಕಿದ್ರ ಸಿಗ್ತೈತಿ."

ಆಕೆ ಹುಡುಕಿಯೇ ಇಟ್ಟಿದ್ದಳು ಎಂದು ನನಗೆ ಈಗಲೂ ಅನ್ನಿಸುತ್ತದೆ. ಸೀರೆಯ ನೆರಿಗೆ ಹಿಡಿದು ಮಂಡಿಯೂರಿ, ನನ್ನ ಪಕ್ಕದ ಜಾಲರಿಗೆ ಬಾಯಿಟ್ಟು ಒಂದು ಹೆಸರು ಉಸುರಿದಳು. ಧೂಳಿಗೆ ಸೀನು ಬಂತು. ಸೀನಿ ಮತ್ತೊಮ್ಮೆ ಹೇಳಿದಳು.

"ಗುದ್ದಬೇಕೀಗ," ಎಂದಳು.

"ಯಾರಿಗ್ರೀ, ನಿಮಗಾ? ಯಪ್ಪಾ, ನಾ ಒಲ್ಲೆ!"

"ನನಗ ಬಿದ್ದಿದ್ದು ಸಾಕಾಗೇವು. ಅವಗಽ ಹಾಕ್ರಿ."

ದಾವಲಸಾಬ ನನ್ನ ಬೆನ್ನಿಗೆ ಒಂದು ಗುದ್ದಿದ. ಗೊರಗೊರ ನಿಂತಿತು. ಅಂಗಡಿಯಲ್ಲಿ ಒಂದು ಕ್ಷಣ ಗೋಡೆ ಗಡಿಯಾರದ ಸದ್ದಷ್ಟೇ ಕೇಳಿಸಿತು. ನೀಲಾ ವೈರಿನ ಚೀಲ ಎತ್ತಿಕೊಂಡು ಗದಗಿನ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

ಆ ಹೆಸರು ಏನೆಂದು ಕೇಳಬೇಡಿ. ತೊಟ್ಟಿಲ ಹೆಸರನ್ನು ಹೊರಗಿನವರ ಮುಂದೆ ಹೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.